ಚುನಾಯಿತ ಸೇವಕನ ಧರ್ಮ

ದೇವರ ಮನೆಯ ಕಾರ್ಯಕ್ಕೆ ಜನರನ್ನು ಮತ ಹಾಕಿ ಆರಿಸಬಹುದೇ? ಮಠ, ಮಂದಿರ, ಚರ್ಚು ಎಂಬ ಭೇದವಿಲ್ಲದೆ ಎಲ್ಲ ಧರ್ಮಸಂಸ್ಥೆಗಳ ಮುಂದೆಯೂ ಈ ಪ್ರಶ್ನೆ ನಿಂತಿದೆ. ಭಕ್ತಿ ಎಣಿಕೆಗೆ ಸಿಗುವ ವಸ್ತುವಲ್ಲ. ಮತವಾದರೋ ಎಣಿಕೆಯಿಂದಲೇ ಬದುಕುವಂಥದು. ಭಕ್ತನಾದವನಲ್ಲಿ ತಾನು ಎಲ್ಲರಿಗಿಂತ ಕಿರಿಯನೆಂಬ ಭಾವ ಮೂಡಬೇಕು. ಚುನಾವಣೆಗೆ ನಿಂತವನು ತಾನು ಇತರರಿಗಿಂತ ಯೋಗ್ಯನೆಂದು ಬಾಯಿಬಿಟ್ಟೋ ಬಿಡದೆಯೋ ಹೇಳಿಕೊಳ್ಳಲೇಬೇಕಾಗುತ್ತದೆ. ಇವೆರಡನ್ನೂ ಒಂದೇ ಸೂರಿನ ಕೆಳಗೆ ತರುವುದು ಸಾಧ್ಯವೇ, ತಂದರೆ ಹಾನಿ ಯಾವುದಕ್ಕೆ, ಲಾಭ ಯಾರಿಗೆ ಎಂಬುದನ್ನು ಸಮಾಧಾನದಿಂದ ವಿಚಾರಿಸಬೇಕಾಗಿದೆ.

ಈ ವಿಚಾರವನ್ನು ನಮ್ಮ ಅಂಗಳದಲ್ಲಿಯೇ ಆರಂಭಿಸಿದರೆ ಹೆಸರುಗಳು, ಪಂಗಡಗಳು, ಹಳೆಯ ನೋವುಗಳು ಅಡ್ಡಬರುತ್ತವೆ. ಆದುದರಿಂದ ದೂರದ ಒಂದು ಸಂಸ್ಥೆಯನ್ನು ಎದುರಿಗಿಟ್ಟುಕೊಂಡು ನೋಡುವುದು ಲೇಸು. ಅಮೆರಿಕದ ಎಪಿಸ್ಕೋಪಲ್ ಚರ್ಚು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಇಂಗ್ಲೆಂಡಿನ ಆಂಗ್ಲಿಕನ್ ಪರಂಪರೆಯಿಂದ ಬಂದ ಈ ಚರ್ಚಿನ ಹೆಸರಿನಲ್ಲಿಯೇ ಬಿಷಪ್ಪನಿದ್ದಾನೆ. ‘ಎಪಿಸ್ಕೋಪಸ್’ ಎಂಬ ಗ್ರೀಕ್ ಶಬ್ದಕ್ಕೆ ಮೇಲ್ವಿಚಾರಕನೆಂದೇ ಅರ್ಥ. ಗುರುಪರಂಪರೆಗೆ ಇಷ್ಟು ಗೌರವ ಕೊಡುವ ಈ ಚರ್ಚಿನಲ್ಲಿ ಪ್ರತಿಯೊಂದು ಪ್ಯಾರಿಷ್ಷಿನ, ಅಂದರೆ ಒಂದು ದೇವಾಲಯಕ್ಕೆ ಸೇರಿದ ಭಕ್ತಸಮುದಾಯದ, ಹಣಕಾಸು ಮತ್ತು ಆಸ್ತಿಯ ಹೊಣೆ ಮಾತ್ರ ಸಾಮಾನ್ಯ ಭಕ್ತರು ಆರಿಸಿದ ಸಾಮಾನ್ಯ ಭಕ್ತರ ಕೈಯಲ್ಲಿರುತ್ತದೆ. ಸಾಮಾನ್ಯ ಭಕ್ತರೆಂದರೆ ಪೌರೋಹಿತ್ಯದ ದೀಕ್ಷೆಯಾಗದವರು. ಅಲ್ಲಿ ಪಾದ್ರಿಗಳೂ ಮದುವೆಯಾಗಬಹುದಾದ್ದರಿಂದ ಗೃಹಸ್ಥ, ವಿರಕ್ತ ಎಂಬ ನಮ್ಮ ವಿಂಗಡಣೆ ಅಲ್ಲಿಗೆ ಹೊಂದುವುದಿಲ್ಲ.

ಈ ಆಡಳಿತ ಮಂಡಳಿಗೆ ‘ವೆಸ್ಟ್ರಿ’ ಎಂದು ಹೆಸರು. ಪಾದ್ರಿಗಳ ಪೂಜಾವಸ್ತ್ರಗಳನ್ನು ಇಡುವ ಕೋಣೆಗೆ ಆ ಹೆಸರಿತ್ತು. ಊರಿನವರು ಆ ಕೋಣೆಯಲ್ಲಿ ಸಭೆ ಸೇರುತ್ತಿದ್ದುದರಿಂದ ಸಭೆಗೂ ಅದೇ ಹೆಸರು ನಿಂತಿತು. ವರ್ಷಕ್ಕೊಮ್ಮೆ ಕೂಡುವ ಪ್ಯಾರಿಷ್ ಮಹಾಸಭೆಯಲ್ಲಿ ಸದಸ್ಯರು ವೆಸ್ಟ್ರಿಯನ್ನು ಆರಿಸುತ್ತಾರೆ. ನಿಯಮಗಳು ಊರಿಂದೂರಿಗೆ ಭಿನ್ನವಾದರೂ ಸಾಮಾನ್ಯವಾಗಿ ಅವಧಿ ಮೂರು ವರ್ಷ. ಪ್ರತಿವರ್ಷವೂ ಮೂರರಲ್ಲಿ ಒಂದು ಪಾಲು ಸದಸ್ಯರು ನಿವೃತ್ತರಾಗುತ್ತಾರೆ. ಹಲವೆಡೆ ನಿವೃತ್ತನಾದವನು ಒಂದು ವರ್ಷವಾದರೂ ಹೊರಗಿದ್ದೇ ಮತ್ತೆ ನಿಲ್ಲಬೇಕು. ಇವರಲ್ಲಿ ವಾರ್ಡನ್ ಎಂಬ ಇಬ್ಬರು ಹಿರಿಯರಿರುತ್ತಾರೆ. ರೆಕ್ಟರ್ ಎನಿಸಿಕೊಳ್ಳುವ ಮುಖ್ಯ ಪಾದ್ರಿ ವೆಸ್ಟ್ರಿಯ ಸಭೆಗೆ ಅಧ್ಯಕ್ಷ.

ಇಲ್ಲಿ ಗಮನಿಸಬೇಕಾದದ್ದು ಅಧಿಕಾರದ ಹಂಚಿಕೆ. ಪ್ರಾರ್ಥನೆ, ಸಂಸ್ಕಾರ, ಬೋಧೆಗಳು ರೆಕ್ಟರನ ವಶ. ಅವನೂ ಚರ್ಚಿನ ಕಟ್ಟಳೆಗೂ ಬಿಷಪ್ಪನ ಮಾರ್ಗದರ್ಶನಕ್ಕೂ ಒಳಪಟ್ಟವನು. ವೆಸ್ಟ್ರಿ ಇವುಗಳಲ್ಲಿ ಕೈಹಾಕುವಂತಿಲ್ಲ. ಆಸ್ತಿಯ ವಿಷಯದಲ್ಲಿ ಪ್ಯಾರಿಷ್ಷಿನ ನ್ಯಾಯಬದ್ಧ ಪ್ರತಿನಿಧಿ ವೆಸ್ಟ್ರಿ. ಹೊಸ ರೆಕ್ಟರನನ್ನು ಆರಿಸಿ ಕರೆಯುವುದೂ ಅದರದೇ ಕೆಲಸ. ಆದರೂ ಚರ್ಚಿನ ಭೂಮಿಯನ್ನು ಮಾರಬೇಕಾದರೆ ಬಿಷಪ್ಪನ ಮತ್ತು ಡಯಾಸಿಸ್ಸಿನ ಸ್ಥಾಯೀ ಸಮಿತಿಯ ಒಪ್ಪಿಗೆ ಬೇಕು. ಪ್ಯಾರಿಷ್ಷಿನ ಆಸ್ತಿ ಇಡೀ ಚರ್ಚಿನ ನ್ಯಾಸವಾಗಿ ಇರತಕ್ಕದ್ದೆಂದು 1979ರ ಕಟ್ಟಳೆಯೊಂದು ಸಾರಿದೆ. ವರ್ಷವರ್ಷವೂ ಲೆಕ್ಕ ತಪಾಸಣೆಯಾಗಬೇಕು. ಹೀಗೆ ಪಾದ್ರಿ, ಭಕ್ತ, ಬಿಷಪ್ ಮೂವರಲ್ಲಿ ಯಾರೊಬ್ಬರೂ ‘ಇದು ನನ್ನದು’ ಎನ್ನಲಾರದಂತೆ ಈ ವ್ಯವಸ್ಥೆಯನ್ನು ಹೆಣೆಯಲಾಗಿದೆ.

ಈ ಪದ್ಧತಿಗೆ ಕ್ರೈಸ್ತರು ತಮ್ಮ ಧರ್ಮಗ್ರಂಥದಲ್ಲಿಯೇ ಆಧಾರ ಕಾಣುತ್ತಾರೆ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಬರುವ ಪ್ರಸಂಗವಿದು. ಜೆರೂಸಲೇಮಿನ ಮೊದಲ ಭಕ್ತಸಮುದಾಯದಲ್ಲಿ ದಿನನಿತ್ಯ ಅನ್ನ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಹುಟ್ಟಿತು. ಹನ್ನೆರಡು ಮಂದಿ ಅಪೊಸ್ತಲರು ಆ ಕೆಲಸವನ್ನು ತಾವೇ ಹಿಡಿದುಕೊಳ್ಳಲಿಲ್ಲ. ಒಳ್ಳೆಯ ಹೆಸರುಳ್ಳ ಏಳು ಜನರನ್ನು ನೀವೇ ಆರಿಸಿಕೊಳ್ಳಿರೆಂದು ಸಮುದಾಯಕ್ಕೆ ಹೇಳಿದರು. ಆರಿಸಿ ಬಂದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಎಂದರೆ, ಯಾರ ಪಂಕ್ತಿಗೆ ಅನ್ನ ತಲುಪಲಿಲ್ಲವೋ ಆ ಪಂಕ್ತಿಯ ಕಡೆಯವರ ಕೈಗೇ ಸೌಟು ಬಂದಂತೆ ಕಾಣುತ್ತದೆ. ದಾಸೋಹದ ಅರ್ಥ ಬಲ್ಲ ನಮಗೆ ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆಯ್ಕೆಯು ಹುಟ್ಟಿದ್ದು ಗೌರವ ಹಂಚುವುದಕ್ಕಾಗಿ ಅಲ್ಲ, ಅನ್ನ ಹಂಚುವುದರಲ್ಲಿ ಆದ ಅನ್ಯಾಯವನ್ನು ಸರಿಪಡಿಸುವುದಕ್ಕಾಗಿ.

ಆದರೆ ಮೂಲದ ಆಶಯ ಇತಿಹಾಸದಲ್ಲಿ ಹಾಗೆಯೇ ಉಳಿಯಲಿಲ್ಲ. ಇಂಗ್ಲೆಂಡಿನಲ್ಲಿ ವೆಸ್ಟ್ರಿ ಊರಿನ ಆಡಳಿತವೇ ಆಗಿತ್ತು. 1601ರ ಬಡವರ ಕಾನೂನಿನ ಅನಂತರ ದರಿದ್ರರ ಪೋಷಣೆಯ ತೆರಿಗೆಯೂ ಅದರ ಸುತ್ತಲೇ ನಡೆಯಿತು. 1894ರಲ್ಲಷ್ಟೇ ಆ ಲೌಕಿಕ ಕೆಲಸಗಳು ಚುನಾಯಿತ ಗ್ರಾಮ ಪರಿಷತ್ತುಗಳಿಗೆ ವರ್ಗವಾದವು. ಹಲವು ಊರುಗಳಲ್ಲಿ ಕೆಲವೇ ಶ್ರೀಮಂತರು ಮುಚ್ಚಿದ ಬಾಗಿಲ ಹಿಂದೆ ಕುಳಿತು, ತಮ್ಮಲ್ಲೊಬ್ಬ ಸತ್ತರೆ ತಾವೇ ಇನ್ನೊಬ್ಬನನ್ನು ನೇಮಿಸಿಕೊಳ್ಳುತ್ತಿದ್ದರು. ಅಮೆರಿಕದ ವರ್ಜೀನಿಯ ವಸಾಹತಿನಲ್ಲಿಯೂ ಹಾಗೆಯೇ ಆಯಿತು. 1662ರ ಕಾನೂನು ಹನ್ನೆರಡು ಜನರ ವೆಸ್ಟ್ರಿಯನ್ನು ವಿಧಿಸಿ, ತೆರವಾದ ಸ್ಥಾನವನ್ನು ವೆಸ್ಟ್ರಿಯೇ ತುಂಬಿಕೊಳ್ಳಲು ಬಿಟ್ಟಿತು. ತೋಟದ ಒಡೆಯರ ಮನೆತನಗಳಿಗೆ ಅದು ಪಿತ್ರಾರ್ಜಿತವೆಂಬಂತಾಯಿತು. ತಂಬಾಕಿನ ರೂಪದಲ್ಲಿ ತೆರಿಗೆ ಎತ್ತುವ ಅಧಿಕಾರವೂ ಅವರದೇ. ಬಿಷಪ್ ಇಲ್ಲದ ಆ ನಾಡಿನಲ್ಲಿ ಪಾದ್ರಿಯನ್ನು ಖಾಯಂ ಮಾಡದೆ ವರ್ಷವರ್ಷದ ಸಂಬಳದಾಳಿನಂತೆ ಇಟ್ಟುಕೊಂಡ ವೆಸ್ಟ್ರಿಗಳೂ ಇದ್ದವು. 1676ರಲ್ಲಿ ನಥಾನಿಯಲ್ ಬೇಕನ್ನನ ದಂಗೆಯ ಕಾಲದಲ್ಲಿ, ಮೂರು ವರ್ಷಕ್ಕೊಮ್ಮೆ ಜನರೇ ವೆಸ್ಟ್ರಿಯನ್ನು ಆರಿಸಬೇಕೆಂಬ ಕಾನೂನಾಯಿತು. ದಂಗೆ ಅಡಗಿದ ಮೇಲೆ ಆ ಕಾನೂನೂ ಅಳಿಯಿತು. ಧರ್ಮಸಂಸ್ಥೆಯಲ್ಲಿ ಕೂತ ಕುರ್ಚಿಯನ್ನು ಬಿಡುವುದು ಎಷ್ಟು ಕಷ್ಟವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸ್ವಾತಂತ್ರ್ಯ ಬಂದ ಬಳಿಕ, 1789ರಲ್ಲಿ ಫಿಲಡೆಲ್ಫಿಯದಲ್ಲಿ ಈ ಚರ್ಚು ತನ್ನ ಸಂವಿಧಾನವನ್ನು ರಚಿಸಿಕೊಂಡಾಗ, ಸಾಮಾನ್ಯ ಭಕ್ತರಿಗೆ ರಾಷ್ಟ್ರಮಟ್ಟದ ಮಹಾಸಮ್ಮೇಳನದಲ್ಲಿಯೂ ಪಾದ್ರಿಗಳ ಜೊತೆಗೆ ಸ್ಥಾನ ದೊರೆಯಿತು. ಬಿಷಪ್ಪನನ್ನು ಆರಿಸುವಾಗಲೂ ಡಯಾಸಿಸ್ಸಿನ ಪಾದ್ರಿಗಳು ಮತ್ತು ಭಕ್ತರು ಇಬ್ಬರೂ ಮತ ನೀಡುತ್ತಾರೆ. ಇಷ್ಟಾದರೂ ‘ಭಕ್ತರು’ ಎಂಬ ಮಾತಿನೊಳಗೆ ಯಾರು ಯಾರು ಸೇರುತ್ತಾರೆಂಬ ಪ್ರಶ್ನೆ ಉಳಿದೇ ಇತ್ತು. ಎಷ್ಟೋ ಹಳೆಯ ಪ್ಯಾರಿಷ್‌ಗಳಲ್ಲಿ ಚರ್ಚಿನ ಆಸನವನ್ನು ಹಣ ಕೊಟ್ಟು ಕೊಂಡವರಿಗೆ ಅಥವಾ ಬಾಡಿಗೆಗೆ ಹಿಡಿದವರಿಗೆ ಮಾತ್ರ ಮತವಿತ್ತು. ಫಿಲಡೆಲ್ಫಿಯದಲ್ಲಿ ಅಬ್ಸಲಮ್ ಜೋನ್ಸರ ನೇತೃತ್ವದಲ್ಲಿ ಕಪ್ಪು ಜನರು ಕಟ್ಟಿದ ಸೇಂಟ್ ಥಾಮಸ್ ಚರ್ಚನ್ನು 1794ರಲ್ಲಿ ಸೇರಿಸಿಕೊಂಡರು. ತಮ್ಮ ಚರ್ಚನ್ನು ತಾವೇ ಆಳಿಕೊಳ್ಳಲು ಬಿಟ್ಟರು. ಆದರೆ ಡಯಾಸಿಸ್ಸಿನ ಸಮ್ಮೇಳನದಲ್ಲಿ ಅವರ ಪ್ರತಿನಿಧಿಗಳಿಗೆ 1860ರ ದಶಕದವರೆಗೆ ಸ್ಥಾನ ಕೊಡಲಿಲ್ಲ. ಸ್ತ್ರೀಯರು ಮಹಾಸಮ್ಮೇಳನದಲ್ಲಿ ಪ್ರತಿನಿಧಿಗಳಾಗಿ ಹಕ್ಕಿನಿಂದ ಕುಳಿತದ್ದು 1970ರಲ್ಲಿ. ಅದೇ ಚರ್ಚು 2006ರಲ್ಲಿ ಕ್ಯಾಥರಿನ್ ಜೆಫರ್ಟ್ಸ್ ಶೋರಿ ಎಂಬ ಮಹಿಳೆಯನ್ನು ತನ್ನ ಅಧ್ಯಕ್ಷ ಬಿಷಪ್ಪರನ್ನಾಗಿ ಆರಿಸಿತು. ಬಾಗಿಲು ತೆರೆಯಿತು, ನಿಜ; ತೆರೆಯಲು ಹಿಡಿದ ಕಾಲವನ್ನೂ ಮರೆಯಬಾರದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಚುನಾವಣೆಯನ್ನು ಒಪ್ಪದವರ ಮೊದಲ ಆಕ್ಷೇಪ ಇದು: ಸತ್ಯವನ್ನು ಬಹುಮತದಿಂದ ನಿರ್ಣಯಿಸಲಾಗದು. ಈ ಮಾತು ಸಂಪೂರ್ಣ ಸರಿ. ನೂರು ಜನ ಕೈಯೆತ್ತಿದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ. ಅನುಭಾವಿಯನ್ನು ಮತಪೆಟ್ಟಿಗೆ ಹುಟ್ಟಿಸಲಾರದು. ಆದರೆ ವೆಸ್ಟ್ರಿಯ ಚುನಾವಣೆಯಲ್ಲಿ ಮತಕ್ಕೆ ಹಾಕುವುದು ಸತ್ಯವನ್ನಲ್ಲ, ನಂಬಿಕೆಯನ್ನು. ಛಾವಣಿ ಸೋರಿದರೆ ಯಾರು ನೋಡುತ್ತಾರೆ, ಕಾಣಿಕೆಯ ಹಣ ಎಲ್ಲಿಗೆ ಹೋಯಿತೆಂದು ಯಾರು ಹೇಳುತ್ತಾರೆ, ಬಡವರಿಗೆಂದು ಎತ್ತಿಟ್ಟದ್ದು ಬಡವರಿಗೇ ಸೇರಿತೇ ಎಂದು ಯಾರು ವಿಚಾರಿಸುತ್ತಾರೆ? ಈ ಪ್ರಶ್ನೆಗಳಿಗೆ ತತ್ತ್ವಜ್ಞಾನಿ ಬೇಕಿಲ್ಲ. ಶುದ್ಧವಾದ ಕೈಯೂ ತೆರೆದ ಲೆಕ್ಕದ ಪುಸ್ತಕವೂ ಬೇಕು. ಯಾರ ಕೈ ಶುದ್ಧವೆಂಬುದನ್ನು ಹತ್ತಾರು ವರ್ಷ ಅವನ ನೆರೆಯಲ್ಲಿ ಬದುಕಿದವರು ಬಲ್ಲಷ್ಟು ಮತ್ತಾರೂ ಬಲ್ಲರೇ?

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಚುನಾವಣೆ ಬಂದಲ್ಲಿ ಪಂಗಡ ಬರುತ್ತದೆ. ನಿನ್ನೆಯವರೆಗೆ ಒಟ್ಟಿಗೆ ಪ್ರಾರ್ಥಿಸಿದವರು ಇಂದು ಎದುರುಬದುರಾಗುತ್ತಾರೆ. ಸೋತವನು ಮನೆಯಲ್ಲಿ ಕೂರುತ್ತಾನೆ. ಇದನ್ನು ತಪ್ಪಿಸಲು ಹಲವು ಪ್ಯಾರಿಷ್‌ಗಳಲ್ಲಿ ಒಂದು ನಾಮನಿರ್ದೇಶನ ಸಮಿತಿ ಎಷ್ಟು ಸ್ಥಾನಗಳಿವೆಯೋ ಅಷ್ಟೇ ಹೆಸರುಗಳನ್ನು ಸಭೆಯ ಮುಂದಿಡುತ್ತದೆ. ಜಗಳವಿಲ್ಲ, ಸೋಲಿಲ್ಲ. ಆದರೆ ಆರಿಸಲು ಏನೂ ಇಲ್ಲದಿರುವಾಗ ಅದು ಆಯ್ಕೆಯೂ ಅಲ್ಲ. ಹೆಸರುಗಳನ್ನು ಗೊತ್ತುಮಾಡಿದ ಕೆಲವರ ಇಚ್ಛೆಗೆ ಸಭೆ ಮುದ್ರೆಯೊತ್ತಿದಂತಾಗುತ್ತದೆ. ವರ್ಜೀನಿಯದ ಹನ್ನೆರಡು ಮಂದಿ ಒಡೆಯರು ಈ ಸೌಜನ್ಯದ ಬಾಗಿಲಿನಿಂದ ಮತ್ತೆ ಒಳಗೆ ಬರಬಲ್ಲರು. ಕಲಹದ ಭಯದಿಂದ ಆಯ್ಕೆಯನ್ನೇ ಕೈಬಿಟ್ಟರೆ ಕಲಹ ನಾಶವಾಗದು. ಮಾತಿಲ್ಲದೆ ಮನಸ್ಸಿನೊಳಗೆ ಸೇರಿಕೊಳ್ಳುವುದು. ಜೆರೂಸಲೇಮಿನ ವಿಧವೆಯರ ಗೊಣಗಾಟ ಕೇಳಿಸಿದ್ದರಿಂದಲೇ ಪರಿಹಾರ ದೊರೆಯಿತೆಂಬುದನ್ನು ನೆನೆಯಬೇಕು.

ಹಾಗಾದರೆ ಪಂಗಡದ ವಿಷಕ್ಕೆ ಮದ್ದೇನು? ಅದು ಚುನಾವಣೆಯ ನಿಯಮದಲ್ಲಿಲ್ಲ, ಚುನಾವಣೆಯ ಮರುದಿನದ ನಡತೆಯಲ್ಲಿದೆ. ಆ ಚರ್ಚುಗಳಲ್ಲಿ ಗೆದ್ದವನೂ ಸೋತವನೂ ಮುಂದಿನ ಭಾನುವಾರ ಒಂದೇ ವೇದಿಯ ಮುಂದೆ, ಒಂದೇ ಸಾಲಿನಲ್ಲಿ ಮೊಣಕಾಲೂರಿ ಒಂದೇ ರೊಟ್ಟಿಯ ತುಣುಕಿಗೆ ಕೈಚಾಚುತ್ತಾರೆ. ಅಲ್ಲಿ ವೆಸ್ಟ್ರಿಯವನಿಗೆ ದೊಡ್ಡ ತುಣುಕಿಲ್ಲ. ಆ ಸಾಲಿನಲ್ಲಿ ಪಕ್ಕದವನ ಭುಜ ತಗಲಿದಾಗ ಮನಸ್ಸು ಮುದುಡದಿದ್ದರೆ ಚುನಾವಣೆ ಧರ್ಮಕಾರ್ಯವಾಯಿತು. ಮುದುಡಿದರೆ ಅದು ಬರೀ ರಾಜಕೀಯವಾಗಿ ಉಳಿಯಿತು. ಗೆದ್ದವನ ಧರ್ಮ ತನಗೆ ಮತ ಕೊಡದವನ ಮಾತನ್ನು ಮೊದಲು ಕೇಳುವುದು. ಸೋತವನ ಧರ್ಮ ಸೇವೆಗೆ ಸ್ಥಾನ ಬೇಕಿಲ್ಲವೆಂದು ನಡೆದು ತೋರಿಸುವುದು. ಇವೆರಡರಲ್ಲಿ ಎರಡನೆಯದೇ ಕಠಿಣ, ಆದುದರಿಂದಲೇ ಹೆಚ್ಚು ಬೆಲೆಯುಳ್ಳದ್ದು.

ಇಷ್ಟೆಲ್ಲ ನೋಡಿದ ಮೇಲೆ ನಮಗೆ ತೋರುವುದು ಇಷ್ಟು: ಈ ಪದ್ಧತಿಯ ಹೃದಯವಿರುವುದು ಏರುವುದರಲ್ಲಿ ಅಲ್ಲ, ಇಳಿಯುವುದರಲ್ಲಿ. ಒಬ್ಬನು ಚುನಾಯಿತನಾಗುವುದು ದೊಡ್ಡ ಮಾತಲ್ಲ. ಮೂರು ವರ್ಷ ಕಳೆದ ಬಳಿಕ ಬೀಗದ ಕೈಗಳನ್ನೂ ಲೆಕ್ಕದ ಪುಸ್ತಕವನ್ನೂ ಮತ್ತೊಬ್ಬನಿಗೆ ಒಪ್ಪಿಸಿ, ಹಿಂದಿನ ಸಾಲಿನಲ್ಲಿ ಹೋಗಿ ಕುಳಿತು, ಹೊಸಬನು ತನಗಿಂತ ಬೇರೆ ರೀತಿಯಲ್ಲಿ ಕೆಲಸ ಮಾಡುವುದನ್ನು ಸಹಿಸುವುದು ದೊಡ್ಡ ಮಾತು. ಅವಧಿ ಮುಗಿಯುತ್ತದೆಂಬ ನಿಯಮ ಅಹಂಕಾರಕ್ಕೆ ಹೊರಗಿನಿಂದ ಹಾಕಿದ ಕಡಿವಾಣ. ಒಳಗಿನಿಂದ ‘ನಾನು’ ಅಳಿದವನಿಗೆ ಅದು ಬೇಡ. ನಮ್ಮಲ್ಲಿ ಬಹುಮಂದಿಗೆ ಬೇಕು. ಚಿಕ್ಕ ಪ್ಯಾರಿಷ್‌ಗಳಲ್ಲಿ ನಿಲ್ಲುವವರೇ ಸಿಗದೆ ಅದೇ ಜನ ಮುಂದುವರಿಯುವುದೂ ಉಂಟು. ಅಲ್ಲಿ ತಪ್ಪು ಕೂತವರದಷ್ಟೇ ಅಲ್ಲ, ಏಳಲೊಲ್ಲದೆ ನೋಡುತ್ತ ಕುಳಿತವರದೂ ಹೌದು.

ಇದು ಪರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ಅದೇ ಆಂಗ್ಲಿಕನ್ ಪರಂಪರೆಯೂ ಕೂಡಿ 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ಕನ್ನಡ ಚರ್ಚುಗಳಲ್ಲಿಯೂ ಭಕ್ತರು ಆರಿಸಿದ ಸಮಿತಿಗಳಿವೆ. ನಮ್ಮ ಸಮಾಜದ ವಿದ್ಯಾಸಂಸ್ಥೆಗಳು, ಪ್ರಸಾದನಿಲಯಗಳು, ಸಂಘಗಳು ಎಷ್ಟೋ ಕಡೆ ಚುನಾಯಿತರ ಕೈಯಲ್ಲಿವೆ. ಈ ಪತ್ರಿಕೆಯ ಓದುಗರಲ್ಲಿ ಹಲವರು ಅಂಥ ಹೊಣೆ ಹೊತ್ತವರೇ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಏರಿದ ಪೀಠವನ್ನು ಪರಂಪರೆ ಶೂನ್ಯಸಿಂಹಾಸನವೆಂದು ಕರೆಯಿತು. ಅದರ ಆಧ್ಯಾತ್ಮಿಕ ಅರ್ಥ ಗಹನವಾದದ್ದು. ಆಡಳಿತದಲ್ಲಿ ತೊಡಗಿದವರು ಅದರಿಂದ ಒಂದು ಸರಳ ಅರ್ಥವನ್ನಾದರೂ ಪಡೆಯಬಹುದು: ಯಾರು ಕುಳಿತರೂ ಆ ಪೀಠ ಅವರದಾಗುವುದಿಲ್ಲ.

ಕಾವಿಯುಟ್ಟ ನಮ್ಮಂಥವರಿಗೂ ಈ ಪಾಠ ಸಲ್ಲುತ್ತದೆ. ಗುರುವಿನ ಸ್ಥಾನ ಮತದಿಂದ ಬರುವುದಲ್ಲವೆಂಬುದು ನಿಜ. ಆದರೆ ಭಕ್ತರ ಕಾಸಿನ ಲೆಕ್ಕ ಭಕ್ತರ ಮುಂದೆ ಓದಲ್ಪಟ್ಟರೆ ಗುರುವಿನ ಗೌರವ ಕುಂದುವುದಿಲ್ಲ. ಬೆವರು ಸುರಿಸಿ ದುಡಿದ ಬಡ ಭಕ್ತನೊಬ್ಬನು ತಂದಿಟ್ಟ ಹತ್ತು ರೂಪಾಯಿ ಅವನ ಕಾಯಕದ ಫಲ. ಅದು ಎಲ್ಲಿ ಸೇರಿತೆಂದು ಕೇಳುವ ಹಕ್ಕು ಅವನಿಗುಂಟು. ಹಾಗೆ ಕೇಳಿದವನನ್ನು ಶ್ರದ್ಧೆಯಿಲ್ಲದವನೆಂದು ಜರೆದರೆ ಹಾನಿ ಅವನಿಗಲ್ಲ, ಸಂಸ್ಥೆಗೆ. ಅಧ್ಯಾತ್ಮವನ್ನು ಮತಕ್ಕೆ ಒಪ್ಪಿಸಬೇಡಿರಿ. ಆಸ್ತಿಯನ್ನು ಒಬ್ಬನಿಗೇ ಒಪ್ಪಿಸಬೇಡಿರಿ. ಆರಿಸಿಬಂದವರು ಕೊಟ್ಟ ಅವಧಿಯಷ್ಟು ದಾಸರಾಗಿ ದುಡಿದು, ತುಂಬಿದ ಲೆಕ್ಕವನ್ನು ಒಪ್ಪಿಸಿ, ಬರಿಗೈಯಲ್ಲಿ ಸಂತೋಷದಿಂದ ಪಂಕ್ತಿಗೆ ಮರಳಲಿ. ಸದ್ಭಕ್ತರಿಗೆಲ್ಲ ಆ ಹಗುರಾದ ಮನಸ್ಸನ್ನು ಶಿವನು ಕರುಣಿಸಲಿ.