ಸವೆದ ಬಿಡಿಭಾಗವೂ ಶ್ರಾವಕನ ಅಪ್ರಮಾದವೂ

ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋಗುವ ಸೀಮೆ ಬಹುಮಟ್ಟಿಗೆ ಎರೆಭೂಮಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲಿನ ಡಾಂಬರೂ ಅದರೊಡನೆ ಏಳುತ್ತದೆ, ಕುಸಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸುತ್ತ ಭತ್ತದ ಗದ್ದೆಗಳಾದವು. ಮೂಟೆ ಹೇರಿದ ಲಾರಿಗಳೂ, ಗದ್ದೆ ಕಲಸುವ ಕಬ್ಬಿಣದ ಗಾಲಿಯನ್ನು ಕಳಚದೆಯೇ ರಸ್ತೆಗೇರುವ ಟ್ರ್ಯಾಕ್ಟರುಗಳೂ ಉಳಿದ ಕೇಡನ್ನು ಪೂರೈಸುತ್ತವೆ. ಇಂತಹ ದಾರಿಗಳಲ್ಲಿ ಓಡಾಡುವ ಕಾರಿನಲ್ಲಿ ಬೇಗನೆ ಸವೆಯುವುದು ಗಾಲಿಗೂ ಒಡಲಿಗೂ ನಡುವಿನ ಸ್ಟ್ರಟ್ಟು, ರಬ್ಬರ್ ಬುಷ್, ಬಾಲ್ ಜಾಯಿಂಟ್ ಮೊದಲಾದ ಭಾಗಗಳು.

ಸ್ಟ್ರಟ್ಟೆಂದರೆ ಸುರುಳಿ ಸ್ಪ್ರಿಂಗಿನ ನಡುವೆ ನಿಂತ ಶಾಕ್ ಅಬ್ಸಾರ್ಬರ್. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನ ಮುಂಗಾಲಿಗಳಿಗೆ ಇದೇ ವ್ಯವಸ್ಥೆಯಿತ್ತು. ಇಂದಿನ ಸಣ್ಣ ಕಾರುಗಳಲ್ಲಿಯೂ ಸಾಮಾನ್ಯವಾಗಿ ಇದೇ ಇದೆ. ಗಾಲಿ ಕುಣಿಗೆ ಬಿದ್ದೆದ್ದಾಗ ಸ್ಪ್ರಿಂಗು ಕುಣಿಯುತ್ತದೆ. ಒಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹಾಯುತ್ತ ಆ ಕುಣಿತವನ್ನು ಶಾಖವಾಗಿ ಮಾರ್ಪಡಿಸಿ ಅಡಗಿಸುತ್ತದೆ. ಸೀಲು ಸವೆದು ಎಣ್ಣೆ ಸೋರಿಹೋದರೆ ಕುಣಿತ ಅಡಗುವುದಿಲ್ಲ. ಆಗ ಟೈರು ನೆಲವನ್ನು ಬಿಟ್ಟುಬಿಟ್ಟು ಓಡುತ್ತದೆ. ನೆಲವನ್ನು ಬಿಟ್ಟ ಟೈರಿಗೆ ಬ್ರೇಕು ಹಾಕಿ ಫಲವಿಲ್ಲ. ಹದಗೆಟ್ಟ ರಸ್ತೆಯಲ್ಲಿ ವಾಹನ ನಿಲ್ಲಬೇಕಾದ ಕಡೆ ನಿಲ್ಲದೆ ಇನ್ನಷ್ಟು ಮುಂದೆ ಹೋಗುತ್ತದೆ.

ಸಿಂಧನೂರಿನಲ್ಲಿ ಅಂಗಡಿಯಿಟ್ಟಿರುವ ಒಬ್ಬ ಶ್ರಾವಕನನ್ನು ಕಲ್ಪಿಸಿಕೊಳ್ಳಬಹುದು. ಕಾರಿನ ಮುಂಭಾಗದ ಒಂದು ಮೂಲೆಯನ್ನು ಕೈಯಿಂದ ಅದುಮಿ ಬಿಟ್ಟರೆ ಅದು ಒಮ್ಮೆ ಎದ್ದು ಸ್ತಬ್ಧವಾಗಬೇಕು; ಆತನ ಕಾರು ಮೂರು ನಾಲ್ಕು ಬಾರಿ ತೂಗುತ್ತದೆ. ಸ್ಟ್ರಟ್ಟಿನ ಮೈಮೇಲೆ ಎಣ್ಣೆಯ ಜಿಡ್ಡೂ ಕಾಣುತ್ತದೆ. ಆತ ಅದನ್ನು ನೋಡಿದ್ದಾನೆ. "ದೀಪಾವಳಿ ಕಳೆಯಲಿ, ಆಮೇಲೆ ಮಾಡಿಸೋಣ" ಎಂದು ಲಿಂಗಸುಗೂರಿಗೆ ಹೋಗಿ ಬರುತ್ತಲೇ ಇದ್ದಾನೆ. ಇದುವರೆಗೆ ಯಾರಿಗೂ ನೋವಾಗಿಲ್ಲ. ಹೀಗಿರುವಾಗ ಆತನಿಂದ ಹಿಂಸೆ ನಡೆದಿದೆಯೇ?

ಲೌಕಿಕ ನ್ಯಾಯ ಇಲ್ಲವೆಂದೀತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವಾದರೋ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದದ ಯೋಗವನ್ನು ಇರಿಸುತ್ತದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನೂ ಸ್ಪಷ್ಟಪಡಿಸಿದ್ದಾರೆ: ಎಚ್ಚರದಿಂದ ವರ್ತಿಸುವವನಿಂದ ಜೀವಹಾನಿಯಾದರೂ ಅದು ಆತನಿಗೆ ಹಿಂಸೆಯಾಗಿ ಅಂಟದು, ಪ್ರಮತ್ತನಾದರೋ ಜೀವ ಸಾಯಲಿ ಬಿಡಲಿ, ಹಿಂಸೆ ಆತನ ಮುಂದೆಯೇ ಓಡುತ್ತಿರುತ್ತದೆ. ಈ ದೃಷ್ಟಿಯಿಂದ ನೋಡಿದರೆ ನಮ್ಮ ಶ್ರಾವಕನ ದೋಷ ಅಪಘಾತದ ದಿನಕ್ಕಾಗಿ ಕಾಯುವುದಿಲ್ಲ. ಎಣ್ಣೆಯ ಜಿಡ್ಡನ್ನು ಕಂಡೂ ಬೀಗದ ಕೈ ತಿರುಗಿಸಿದ ಬೆಳಗಿನಿಂದಲೇ ಅದು ಆರಂಭವಾಗಿದೆ.

ಗೃಹಸ್ಥನಿಗೆ ಆರಂಭೀ ಹಿಂಸೆ ಅನಿವಾರ್ಯವಲ್ಲವೇ ಎಂಬ ಶಂಕೆ ಸಹಜ. ಅನಿವಾರ್ಯವೇನೋ ಹೌದು, ಆದರೆ ಯತ್ನಾಚಾರವೆಲ್ಲ ಮುಗಿದ ಮೇಲೂ ಉಳಿಯುವ ಹಿಂಸೆಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಅದೇ ದಾರಿಯ ಅಂಚಿನಲ್ಲಿ ಮುಂಜಾನೆ ವಿಹಾರ ಮಾಡುವ ಮುನಿಗಳು ಈರ್ಯಾಸಮಿತಿಯಂತೆ ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಇರುವೆಗೂ ನೋವಾಗದಂತೆ ಹೆಜ್ಜೆಯಿಡುತ್ತಾರೆ. ವಿಹಾರಕಾಲದಲ್ಲಿ ವಾಹನ ಬಡಿದು ಸಾಧು ಸಾಧ್ವಿಯರು ಪ್ರಾಣ ಕಳೆದುಕೊಂಡ ಸುದ್ದಿಗಳು ನಮ್ಮ ಸಮಾಜಕ್ಕೆ ಹೊಸವಲ್ಲ. ಬೆನ್ನ ಹಿಂದೆ ಬರುವ ಕಾರಿನ ಸ್ಟ್ರಟ್ಟು ಸವೆದಿದೆಯೆಂಬುದು ಅವರಿಗೆ ಹೇಗೆ ತಿಳಿಯಬೇಕು?

ಹಣದ ಅಡಚಣೆ ನಿಜವಾದ ಅಡಚಣೆಯೇ. ಒಂದು ಬದಿಯದನ್ನಷ್ಟೇ ಬದಲಿಸಿದರೆ ಸಾಲದು, ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಬೇಕಾಗುವುದರಿಂದ ಖರ್ಚು ಇಮ್ಮಡಿ. ಕೈ ಬಿಗಿಯಾಗಿದ್ದವನಿಗೆ ದೇಶಾವಕಾಶಿಕ ವ್ರತ ದಾರಿ ತೋರಬಲ್ಲದು: ಭಾಗಗಳು ಬರುವವರೆಗೆ ಊರಗಸಿಯನ್ನು ದಾಟುವುದಿಲ್ಲವೆಂದು ಆತ ಎಲ್ಲೆ ಕಟ್ಟಿಕೊಳ್ಳಲಿ. ಲಿಂಗಸುಗೂರಿಗೆ ಬಸ್ಸಿದೆ.

ಕೂಲಿ ಉಳಿಸಲೆಂದು ಮನೆಯಂಗಳದಲ್ಲಿ ತಾನೇ ಪಾನಾ ಹಿಡಿಯುವವರೂ ಉಂಟು. ಇದರಲ್ಲಿ ಕೀಳೇನೂ ಇಲ್ಲ. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ಶಾಸನ, ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಧರ್ಮನಿರತನಾದ ಸಣ್ಣವನಿಗೂ ದಕ್ಕುತ್ತದೆಂದು ಸಾರುತ್ತದೆ. ಬೌದ್ಧೋಪಾಸಕನಾದ ಅರಸನ ಮಾತಾದರೂ ಅಣುವ್ರತಿಗೆ ಇದು ಪರಕೀಯವಲ್ಲ. ಆದರೆ ಈ ಕೆಲಸದಲ್ಲಿ ಅರೆತಿಳಿವು ಪ್ರಾಣಾಂತಿಕ. ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ಮೈಯೊಡ್ಡಬಾರದು. ಗಟ್ಟಿ ನೆಲದ ಮೇಲೆ ಸ್ಟ್ಯಾಂಡು ಕೊಡಬೇಕು. ಸ್ಪ್ರಿಂಗ್ ಕಂಪ್ರೆಸರನ್ನು ಎದುರುಬದುರಾಗಿ ಹಾಕಿ, ಸಮವಾಗಿ ಬಿಗಿದು, ಸ್ಪ್ರಿಂಗು ತನ್ನ ಆಸನದಿಂದ ಸಡಿಲವಾದ ಮೇಲೆಯೇ ಮೇಲ್ತುದಿಯ ನಡುನಟ್ಟನ್ನು ಬಿಚ್ಚಬೇಕು. ಅದಕ್ಕೆ ಮೊದಲೇ ಬಿಚ್ಚಿದರೆ ಸ್ಪ್ರಿಂಗಿನಲ್ಲಿ ಅಡಗಿರುವ ಬಲ ಒಮ್ಮೆಲೇ ಸಿಡಿದು, ಎದುರಿಗಿದ್ದವನ ಜೀವ ತೆಗೆಯಬಲ್ಲದು. ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿರುವವನು ಸಾಮಾನ್ಯವಾಗಿ ಮನೆಯ ಹುಡುಗನೇ. ಕಂಪ್ರೆಸರು ಇಲ್ಲದವನು ಆ ಒಂದು ಕೆಲಸವನ್ನಾದರೂ ಬಲ್ಲವರಿಗೆ ಒಪ್ಪಿಸುವುದೇ ವಿವೇಕ.

ಒಪ್ಪಿಸಿದ ಮಾತ್ರಕ್ಕೆ ಹೊಣೆ ಕಳಚುವುದೂ ಇಲ್ಲ. ಕೃತ, ಕಾರಿತ, ಅನುಮೋದನವೆಂಬ ಮೂರು ಬಾಗಿಲುಗಳಿಂದಲೂ ಕರ್ಮಾಸ್ರವವಾಗುತ್ತದೆ. ಗ್ಯಾರೇಜಿನಲ್ಲಿ ಬರಿಯ ಜಾಕಿಯ ಮೇಲೆ ನಿಂತ ಕಾರಿನಡಿ ಮಲಗಿದ ಎಳೆಯನನ್ನು ನೋಡುತ್ತಲೇ "ಲಗೂನೆ ಮುಗಿಸಪ್ಪಾ" ಎಂದು ಅವಸರಪಡಿಸುವ ಗಿರಾಕಿ ಕಾರಿತಕ್ಕೂ ಅನುಮೋದನಕ್ಕೂ ಪಾಲುದಾರ. ಅಗ್ಗಕ್ಕೆ ಸಿಗುವ ನಕಲಿ ಭಾಗವನ್ನು ಅಸಲಿನ ಬೆಲೆಗೆ ಮಾರುವ ವರ್ತಕನ ಮಾತಂತೂ ಬೇರೆಯೇ ಆಯಿತು: ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂದು ಅದಕ್ಕೆ ಹಿಂದೆಯೇ ಹೆಸರಿಟ್ಟಾಗಿದೆ. ವ್ಯಾಪಾರವನ್ನೇ ನಚ್ಚಿದ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಸ್ಟ್ರಟ್ಟಿನಿಂದ ಸೋರುವ ಎಣ್ಣೆಯನ್ನು ಚರಂಡಿಗೋ ಬೇವಿನ ಬುಡಕ್ಕೋ ಸುರಿಯುವ ರೂಢಿ ಎಲ್ಲೆಡೆ ಇದೆ. ಪೃಥ್ವೀಕಾಯ, ಜಲಕಾಯ ಜೀವಗಳನ್ನೂ, ಮಣ್ಣಿನ ತ್ರಸಜೀವಗಳನ್ನೂ ನಂಬುವವರು ಅದನ್ನು ಡಬ್ಬಿಯಲ್ಲಿ ಹಿಡಿದು, ಹಳೆಯ ಎಣ್ಣೆ ಕೊಳ್ಳುವವರಿಗೆ ಮುಟ್ಟಿಸಬೇಕು.

ಹೊಸ ಭಾಗಗಳು ಕೂತ ಮೇಲೆ ರಬ್ಬರ್ ಬುಷ್ಷುಗಳ ಬೋಲ್ಟುಗಳನ್ನು ಕಾರಿನ ಭಾರ ಗಾಲಿಗಳ ಮೇಲೆ ಬಿದ್ದಾಗಲೇ ಕೊನೆಯ ಬಾರಿ ಬಿಗಿಯುವುದು ಸರಿ. ವೀಲ್ ಅಲೈನ್‌ಮೆಂಟ್ ಮನೆಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಯಂತ್ರವಿರುವ ಅಂಗಡಿಗೇ ಹೋಗಬೇಕು. ಅದಾದ ಮೇಲೆ ಲಿಂಗಸುಗೂರಿಗೆ ಮೊದಲ ಪಯಣ ಹೊರಡುವವನು ಮಸ್ಕಿಯಲ್ಲಿ ಇಳಿದು, ಗಾಲಿಯ ನಟ್ಟುಗಳಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡಲಿ. ಹೊಸ ಸ್ಟ್ರಟ್ಟಿನ ಮೈಯನ್ನೂ ಬೆರಳಿನಿಂದ ಸವರಿ ಜಿಡ್ಡಿದೆಯೇ ಎಂದು ಪರೀಕ್ಷಿಸಲಿ.