ಕಿವಿಯ ಇಷ್ಟ, ದನಿಯ ನಿಜ

‘ಹೈ-ಫೈ’ ಎಂಬ ಎರಡಕ್ಷರದಲ್ಲಿ ದೊಡ್ಡದೊಂದು ಪ್ರತಿಜ್ಞೆ ಅಡಗಿದೆ. ‘ಫೈ’ ಎಂದರೆ ಫಿಡೆಲಿಟಿ. ನಮ್ಮ ಮಾತಿನಲ್ಲಿ ನಿಷ್ಠೆ. ತನ್ನ ಕೈಗೆ ಬಂದ ದನಿಯನ್ನು ಕೂಡಿಸದೆ, ಕಳೆಯದೆ, ಕೇಳುವವರಿಗೆ ಮುಟ್ಟಿಸುತ್ತೇನೆಂಬ ಮಾತು ಅದು. ಆದರೆ ಕೇಳುವ ನಮಗೆ ಬೇಕಾದದ್ದು ನಿಷ್ಠೆಯೋ, ಹಿತವೋ?

ಯಂತ್ರವಂತೂ ತನ್ನ ಮಾತನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ. 1906ರಲ್ಲಿ ಲೀ ಡಿ ಫಾರೆಸ್ಟ್ ಗಾಜಿನ ಬುರುಡೆಯೊಳಗೆ ಜಾಲರಿಯೊಂದನ್ನು ಸೇರಿಸಿದಂದಿನಿಂದ ವಾಲ್ವಿನ ಯುಗ ಮೊದಲಾಯಿತು. 1947ರಲ್ಲಿ ಬ್ರಿಟನ್ನಿನ ವಿಲಿಯಮ್ಸನ್ ಪ್ರಕಟಿಸಿದ ಆಂಪ್ಲಿಫೈಯರಿನಲ್ಲಿ ದನಿಯ ವಿಕಾರ ನೂರಕ್ಕೆ 0.1ರಷ್ಟಕ್ಕೆ ಇಳಿಯಿತು. ಅದೇ ವರ್ಷದ ಕೊನೆಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಇಂದಿನ ‘ಕ್ಲಾಸ್ ಡಿ’ ಯಂತ್ರದಲ್ಲಿ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹತ್ತಿ ಆರುತ್ತವೆ; ವಿದ್ಯುತ್ತು ಶಾಖವಾಗಿ ಪೋಲಾಗುವುದು ಬಲು ಕಡಿಮೆ. ಒಳ್ಳೆಯ ಯಂತ್ರದ ವಿಕಾರ ಈಗ ಕಿವಿಗೆ ನಿಲುಕುವುದೇ ಇಲ್ಲ.

ಆದರೂ ವಾಲ್ವು ಸಾಯಲಿಲ್ಲ. ಅನೇಕ ವಾಲ್ವು ಯಂತ್ರಗಳು ಮೂಲ ಸ್ವರದೊಡನೆ ಅದರ ಮೇಲಿನ ಸ್ಥಾಯಿಯ ಸ್ವರವನ್ನೂ ತುಸು ಬೆರೆಸುತ್ತವೆ. ಇಂಜಿನಿಯರು ಅದನ್ನು ದೋಷವೆನ್ನುತ್ತಾನೆ, ರಸಿಕ ಮಾಧುರ್ಯವೆನ್ನುತ್ತಾನೆ. ನನ್ನ ಒಲವೂ ವಾಲ್ವಿನ ಕಡೆಗೇ.

ತಂಬೂರಿಯ ಕುದುರೆಯ ಮೇಲೆ, ತಂತಿಯಡಿಯಲ್ಲಿ ನೂಲಿನೆಳೆ ಸಿಕ್ಕಿಸಿ ಝೇಂಕಾರ ಬರಿಸುವ ನಾಡು ನಮ್ಮದು. ಅದೂ ಬೆರಕೆಯೇ ಅಲ್ಲವೇ ಎಂದು ಕೇಳಬಹುದು. ಹೌದು. ಆದರೆ ಆ ಎಳೆಯನ್ನು ಕೂಡಿಸಿದ್ದು ಹಾಡುಗಾರಿಕೆಯೇ. ಅದು ಸಂಗೀತದ ಒಳಗಿನದು. ವಾಲ್ವಿನ ಸಿಹಿ, ಹಾಡು ಮುಗಿದ ಮೇಲೆ ಕೇಳುವವನು ಹೊರಗಿನಿಂದ ಸುರಿದುಕೊಂಡದ್ದು. ಎರಡೂ ಇಂಪು, ಆದರೆ ಎರಡೂ ಒಂದಲ್ಲ.

ಕಿವಿಯೂ ಪೂರ್ತಿ ನಂಬತಕ್ಕ ಸಾಕ್ಷಿಯಲ್ಲ. ತುಸು ಜೋರಾಗಿ ನುಡಿದ ಯಂತ್ರವೇ ಮೇಲೆಂದು ಅದು ತೀರ್ಪು ಕೊಟ್ಟುಬಿಡುತ್ತದೆ. 1985ರಲ್ಲಿ ಅಮೆರಿಕದ ಬಾಬ್ ಕಾರ್ವರ್ ತನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನೇ ತಿದ್ದಿ, ಬಹು ಬೆಲೆಬಾಳುವ ಇನ್ನೊಂದರಂತೆ ನುಡಿಸಿದ. ‘ಸ್ಟೀರಿಯೊಫೈಲ್’ ಪತ್ರಿಕೆಯ ಪಳಗಿದ ಕಿವಿಗಳಿಗೂ ಕೊನೆಗೆ ಭೇದ ತಿಳಿಯಲಿಲ್ಲ.

ಅಂದು ಒಬ್ಬ ಕುಶಲಿ ಕೈಯಿಂದ ಮಾಡಿದ್ದನ್ನು ಇಂದು ಗಣಕದ ಲೆಕ್ಕ ಮಾಡುತ್ತಿದೆ. ಒಬ್ಬೊಬ್ಬರ ಶ್ರವಣಶಕ್ತಿಯನ್ನು ಅಳೆದು, ಅವರವರ ಕಿವಿಗೆ ಒಪ್ಪುವಂತೆ ದನಿಯನ್ನು ತಿದ್ದಿಕೊಡುವ ಸಾಧನಗಳು ಆಗಲೇ ಬಂದಿವೆ. ಮುಂದಿನ ಆಂಪ್ಲಿಫೈಯರು ನಮ್ಮ ಇಷ್ಟವನ್ನು ನಾವು ಹೇಳುವ ಮೊದಲೇ ನಡೆಸಿಕೊಡುವ ಸೇವಕನಾದೀತು.

ಕಿವಿ ಮಂದವಾದವರಿಗೆ ಅದು ವರವೇ. ಅದರ ಮೇಲೆ ನನಗೆ ಮುನಿಸಿಲ್ಲ. ನನ್ನ ಅಂಜಿಕೆ ಬೇರೆ. ಮುಪ್ಪಿನಲ್ಲಿ ಹಾಡಿದ ಗಾಯಕನ ಕಂಠದಲ್ಲಿ ಒರಟಿದೆ, ಬಿರುಕಿದೆ. ಅವನ ಬಾಳು ಆ ಬಿರುಕಿನಲ್ಲೇ ಕೇಳಿಸುತ್ತದೆ. ಯಂತ್ರ ನನ್ನ ರುಚಿಯನ್ನರಿತು ಅದನ್ನು ನುಣುಪು ಮಾಡಿದರೆ, ನಾನು ಕೇಳಿದ್ದು ಅವನನ್ನಲ್ಲ, ನನ್ನನ್ನೇ. ಒಪ್ಪದ ದನಿಗೂ ಒಂದಿಷ್ಟು ಹೊತ್ತು ಕಿವಿಗೊಟ್ಟಾಗಲೇ ಅಲ್ಲವೇ ನಮ್ಮ ಅಭಿರುಚಿ ಬೆಳೆದದ್ದು?

ಹೆತ್ತವರಿಗೆ ಹೆಗ್ಗಣ ಮುದ್ದು. ಮುದ್ದಿಸುವ ಹಕ್ಕು ಯಾರಿಗೂ ತಪ್ಪಿದ್ದಲ್ಲ. ಆದರೆ ಹೆಗ್ಗಣವೆಂಬ ಅರಿವಿರಬೇಕು. ಬೇಕಾದಷ್ಟು ಸಿಹಿ ಬೆರೆಸುವ ಆಂಪ್ಲಿಫೈಯರು ಬರಲಿ. ಏನನ್ನೂ ಬೆರೆಸದ ಒಂದು ಗುಂಡಿಯೂ ಅದರಲ್ಲಿರಲಿ. ನಾವು ಆಗಾಗ ಅದನ್ನು ಒತ್ತುವಂತಾಗಲಿ.