ಮೊದಲಿಗರು ಮಾರಿದ ಪುಸ್ತಕ

2011ರ ಜುಲೈ ತಿಂಗಳಲ್ಲಿ ಲಂಡನ್ನಿನ ಸೋದಬೀಸ್ ಹರಾಜು ಸಂಸ್ಥೆಯಲ್ಲಿ ಕೆಲವು ಹಳೆಯ ಕಾಗದಗಳು ಮಾರಾಟವಾದವು. ಕೈಬರಹದ ಒಂದು ಕರಡು, ಅಚ್ಚಾದ ಒಂದು ಪುಟ್ಟ ಪುಸ್ತಿಕೆ, ಸಭೆಗಳ ನಡಾವಳಿಯ ಹೊತ್ತಗೆಗಳು. ಬಂದ ಬೆಲೆ 8,81,250 ಪೌಂಡ್. ಮಾರಿದ್ದು ಶೆಫೀಲ್ಡ್ ಫುಟ್‌ಬಾಲ್ ಕ್ಲಬ್. 1857ರ ಅಕ್ಟೋಬರ್ 24ರಂದು ಹುಟ್ಟಿ ಇವತ್ತಿಗೂ ಆಡುತ್ತಿರುವ, ಜಗತ್ತಿನ ಅತ್ಯಂತ ಹಳೆಯ ಫುಟ್‌ಬಾಲ್ ಕ್ಲಬ್ ಅದು. ಕರಡಿನಲ್ಲಿದ್ದದ್ದು 1858ರಲ್ಲಿ ಅದು ತನಗಾಗಿ ಬರೆದುಕೊಂಡ ಆಟದ ನಿಯಮಗಳು. ಪುಸ್ತಿಕೆ ಅದೇ ನಿಯಮಗಳ 1859ರ ಮುದ್ರಣ. ಉಳಿದಿರುವುದು ಆ ಒಂದೇ ಪ್ರತಿ ಎಂದು ಹೇಳಲಾಗುತ್ತದೆ.

ಹೀಗೆ ತನ್ನ ಜಾತಕವನ್ನೇ ಮಾರಿಕೊಳ್ಳುವುದು ಸರಿಯೇ?

ಮಾರಿದವರ ಪರಿಸ್ಥಿತಿಯನ್ನು ಮೊದಲು ನೋಡೋಣ. ಇಂಗ್ಲೆಂಡಿನಲ್ಲಿ ಮೇಲಿನ ನಾಲ್ಕು ಡಿವಿಜನ್‌ಗಳಲ್ಲಿ ಒಟ್ಟು 92 ಕ್ಲಬ್‌ಗಳಿವೆ. ಅದಕ್ಕಿಂತ ಕೆಳಗಿನ ನೂರಾರು ಕ್ಲಬ್‌ಗಳನ್ನೆಲ್ಲ ಸೇರಿಸಿ ‘ನಾನ್-ಲೀಗ್’ ಎನ್ನುತ್ತಾರೆ. ಶೆಫೀಲ್ಡ್ ಕ್ಲಬ್ ಇರುವುದು ಅಲ್ಲಿ. ತನ್ನ ಆಯುಷ್ಯದ ಬಹುಭಾಗ ಅದಕ್ಕೆ ಸ್ವಂತ ಮೈದಾನವೇ ಇರಲಿಲ್ಲ. 2001ರಿಂದ ಅದು ಆಡುತ್ತ ಬಂದದ್ದು ಪಕ್ಕದ ಡರ್ಬಿಶೈರ್ ಕೌಂಟಿಯ ಡ್ರಾನ್‌ಫೀಲ್ಡ್ ಎಂಬ ಊರಿನಲ್ಲಿ, ಒಂದು ಪಬ್ಬಿನ ಮಗ್ಗುಲಿನ ಮೈದಾನದಲ್ಲಿ. ಹೆಸರು ಒಂದು ಊರಿನದು, ಬಿಡಾರ ಇನ್ನೊಂದು ಊರಿನಲ್ಲಿ. ಮುಂದಿನ ದಿನಗಳಿಗೆ, ಒಳ್ಳೆಯ ನೆಲೆಗೆ ಹಣ ಬೇಕಿತ್ತು. ಮನೆಯಲ್ಲಿದ್ದ ಬೆಲೆಬಾಳುವ ವಸ್ತುವೆಂದರೆ ಆ ಕಾಗದಗಳು ಮಾತ್ರ.

ಮಾರಿದ್ದನ್ನು ಸಮರ್ಥಿಸುವುದು ಕಷ್ಟವಲ್ಲ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬೇಕೆ? ಕ್ಲಬ್ ಎಂದರೆ ಆಡುವ ಜನ, ಆಡಿಸುವ ಜನ, ಮಳೆಯಲ್ಲೂ ಬಂದು ನಿಂತು ನೋಡುವ ಜನ. ಅವರು ಇರುವವರೆಗೆ ಕ್ಲಬ್ ಇದೆ. ಅವರಿಲ್ಲದೆ ಬರೀ ಪುಸ್ತಕ ಉಳಿದರೆ ಅದು ಮ್ಯೂಸಿಯಮ್ಮಿನ ಸರಕು. ನಿಯಮ ಬರೆದವರು ಬರೆದದ್ದು ಆಡುವುದಕ್ಕಾಗಿ, ಬೀಗ ಹಾಕಿ ಇಡುವುದಕ್ಕಾಗಿ ಅಲ್ಲ. ಸ್ಥಾವರ, ಜಂಗಮ ಎಂಬ ಮಾತುಗಳ ಜೊತೆ ಬೆಳೆದ ಕನ್ನಡದ ಓದುಗರಿಗೆ ಈ ವಾದ ಬೇಗನೆ ಒಪ್ಪಿಗೆಯಾಗುತ್ತದೆ.

ಬೇಗ ಒಪ್ಪಿಗೆಯಾಗುವುದೇ ಇದರ ತೊಡಕು. ಇದೇ ತರ್ಕದಿಂದ ಯಾವ ಗ್ರಂಥಾಲಯವನ್ನಾದರೂ ಖಾಲಿ ಮಾಡಬಹುದು. ಆ ಪುಸ್ತಕ ನಿಜವಾಗಿ ಯಾರದು? ಅದನ್ನು ಬರೆದದ್ದು 2011ರ ಪದಾಧಿಕಾರಿಗಳಲ್ಲ. ನೂರೈವತ್ತು ವರ್ಷ ಜೋಪಾನ ಮಾಡಿದ್ದೂ ಅವರೊಬ್ಬರೇ ಅಲ್ಲ. ಕೊಟ್ಟುಹೋದ ಹಿರಿಯರನ್ನು ಕೇಳುವಂತಿಲ್ಲ, ಮುಂದೆ ಹುಟ್ಟಿ ಬರುವ ಸದಸ್ಯರನ್ನೂ ಕೇಳುವಂತಿಲ್ಲ. ನಡುವೆ ಇರುವವರು ವಾರಸುದಾರರಿಗಿಂತ ಹೆಚ್ಚಾಗಿ ಪಾಲಕರು. ಜೊತೆಗೆ, ಇಂಥದ್ದನ್ನು ಒಂದೇ ಸಲ ಮಾರಬಹುದು. ಮುಂದಿನ ತಲೆಮಾರಿಗೆ ಕಷ್ಟ ಬಂದರೆ ಅವರ ಬಳಿ ಮಾರಲು ಇನ್ನೊಂದು ಮೊದಲ ಪುಸ್ತಕ ಇರುವುದಿಲ್ಲ.

ಈ ಜಗ್ಗಾಟಕ್ಕೆ ಉತ್ತರದ ಸುಳಿವೊಂದು ಆ ನಿಯಮಗಳೊಳಗೇ ಇದೆ ಎಂದು ನನಗನ್ನಿಸುತ್ತದೆ. ಕ್ಲಬ್ ಕಟ್ಟಿದವರು ನಥಾನಿಯಲ್ ಕ್ರೆಸ್ವಿಕ್ ಮತ್ತು ವಿಲಿಯಂ ಪ್ರೆಸ್ಟ್. ಒಬ್ಬರು ವಕೀಲರು, ಇನ್ನೊಬ್ಬರು ದ್ರಾಕ್ಷಾರಸದ ವ್ಯಾಪಾರಿ. 1858ರ ಅವರ ನಿಯಮಗಳಲ್ಲಿ ಕೈಯಿಂದ ತಳ್ಳಬಹುದಿತ್ತು, ಕಾಲಿಗೆ ಒದೆಯುವಂತಿರಲಿಲ್ಲ, ಆಫ್‌ಸೈಡ್ ಎಂಬುದೇ ಇರಲಿಲ್ಲ. ಕೊನೆಯ ನಿಯಮ ಟೋಪಿಯ ಕುರಿತದ್ದು. ಪ್ರತಿಯೊಬ್ಬ ಆಟಗಾರನೂ ಒಂದು ಕೆಂಪು, ಒಂದು ಕಡುನೀಲಿ ಫ್ಲಾನೆಲ್ ಟೋಪಿ ಇಟ್ಟುಕೊಂಡಿರಬೇಕು. ಒಂದು ಪಕ್ಷಕ್ಕೆ ಒಂದು ಬಣ್ಣ. ಎರಡು ಟೋಪಿ ಏಕೆಂದರೆ ಆಗ ಎದುರಾಳಿಯೇ ಇರಲಿಲ್ಲ. ಈ ನಿಯಮಗಳಿಂದ ಆಡುವ ಇನ್ನೊಂದು ಕ್ಲಬ್ ಸುತ್ತಮುತ್ತ ಎಲ್ಲೂ ಇಲ್ಲದ್ದರಿಂದ ಸದಸ್ಯರು ತಮ್ಮೊಳಗೇ ಪಾಲು ಮಾಡಿಕೊಂಡು ಆಡುತ್ತಿದ್ದರು. ಒಂದು ದಿನ ಮದುವೆಯಾದವರ ಎದುರು ಮದುವೆಯಾಗದವರು, ಮತ್ತೊಂದು ದಿನ ಇನ್ನೊಂದು ಬಗೆಯ ಪಾಲು. ಇವತ್ತು ಕೆಂಪು ಟೋಪಿ ಹಾಕಿದವನು ನಾಳೆ ನೀಲಿ ಟೋಪಿಯವನಾಗಬಹುದು.

1860ರಲ್ಲಿ ನಗರದ ಅಂಚಿನಲ್ಲಿ ಹ್ಯಾಲಂ ಎಂಬ ಎರಡನೆಯ ಕ್ಲಬ್ ಹುಟ್ಟಿತು. ಆ ವರ್ಷದ ಡಿಸೆಂಬರ್ 26ರಂದು ಸ್ಯಾಂಡಿಗೇಟ್ ಮೈದಾನದಲ್ಲಿ ಎರಡೂ ಎದುರಾದವು. ಶೆಫೀಲ್ಡ್ 2-0ಯಿಂದ ಗೆದ್ದಿತು. ಮೊದಲ ಕ್ಲಬ್ ನಿಜವಾದ ಅರ್ಥದಲ್ಲಿ ಕ್ಲಬ್ ಆದದ್ದು ಆ ದಿನ ಎನ್ನಬೇಕು. ‘ಮೊದಲನೆಯದು’ ಎಂಬ ಮಾತಿಗೆ ಅರ್ಥ ಬರುವುದು ಎರಡನೆಯದು ಬಂದ ಮೇಲೆ. ಅಲ್ಲಿಯವರೆಗೆ ಅದು ಕೆಲವು ಗೆಳೆಯರ ಹವ್ಯಾಸ. ಮೊದಲಿಗರಾಗಿರುವುದು ಆಸ್ತಿಯೆನ್ನುವುದಾದರೆ ಅದರಲ್ಲಿ ಎದುರಾಳಿಗೂ ಪಾಲಿದೆ.

ನಿಯಮಗಳ ಕತೆಯೂ ಹೀಗೇ ಸಾಗಿತು. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು. ಶೆಫೀಲ್ಡ್ ಅದರ ಸದಸ್ಯನಾಯಿತು. ಎರಡು ಊರಿನ ನಿಯಮಗಳು ಹತ್ತಾರು ವರ್ಷ ಪಕ್ಕಪಕ್ಕದಲ್ಲಿ ಬಾಳಿದವು. ಕಾರ್ನರ್ ಕಿಕ್ ಶೆಫೀಲ್ಡ್‌ನಿಂದ ಲಂಡನ್ನಿನ ನಿಯಮಗಳಿಗೆ ಹೋಯಿತು. 1877ರಲ್ಲಿ ಶೆಫೀಲ್ಡ್‌ನವರು ತಮ್ಮ ಪ್ರತ್ಯೇಕ ನಿಯಮಗಳನ್ನು ಬಿಟ್ಟುಕೊಟ್ಟು ಸಾಮಾನ್ಯ ನಿಯಮಗಳನ್ನು ಒಪ್ಪಿದರು. ಅಂದರೆ ಆ ಪುಸ್ತಕದ ಒಳಗಿದ್ದದ್ದನ್ನು ಅವರು ಪುಕ್ಕಟೆಯಾಗಿ, ಹರಾಜಿಗಿಂತ 134 ವರ್ಷ ಮೊದಲೇ ಲೋಕಕ್ಕೆ ಕೊಟ್ಟಿದ್ದರು. 2011ರಲ್ಲಿ ಕೈಬಿಟ್ಟದ್ದು ಹೊರಗಿನ ಕಾಗದ.

ಹಾಗೆಂದು ಅವರನ್ನು ಸಂತರನ್ನಾಗಿಸಬೇಕಿಲ್ಲ. 1885ರಲ್ಲಿ ಆಟಗಾರರಿಗೆ ಸಂಬಳ ಕೊಡುವುದು ಕಾನೂನುಬದ್ಧವಾದಾಗ ಶೆಫೀಲ್ಡ್ ಕ್ಲಬ್ ಹವ್ಯಾಸಿಯಾಗಿಯೇ ಉಳಿಯಿತು. ಆಟಕ್ಕಾಗಿ ಆಟ ಎಂಬುದು ಕೇಳಲು ಚೆಂದ. ಆದರೆ ವಕೀಲನೂ ವ್ಯಾಪಾರಿಯೂ ಸಂಬಳವಿಲ್ಲದೆ ಆಡಬಲ್ಲರು. ಉಕ್ಕಿನ ಕುಲುಮೆಯಲ್ಲಿ, ಚಾಕು ಮಸೆಯುವ ಚಕ್ರದ ಮುಂದೆ ದುಡಿಯುವವನಿಗೆ ಅರ್ಧ ದಿನದ ಕೂಲಿ ತಪ್ಪಿದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನಗರದ ಜನ ವೆನ್ಸ್‌ಡೇ, ಯುನೈಟೆಡ್ ಎಂಬ ವೃತ್ತಿಪರ ಕ್ಲಬ್‌ಗಳ ಹಿಂದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. 1904ರಲ್ಲಿ ಹವ್ಯಾಸಿಗಳ ಅಮೆಚೂರ್ ಕಪ್ ಗೆದ್ದದ್ದು ಶೆಫೀಲ್ಡ್‌ನ ದೊಡ್ಡ ಗೆಲುವು. ಆಮೇಲೆ ಅಂಥದ್ದು ಹೆಚ್ಚೇನೂ ಇಲ್ಲ. ಅದರ ಬಡತನದಲ್ಲಿ ಅದರ ಹಮ್ಮಿನ ಪಾಲೂ ಇದೆ.

ಇಷ್ಟಾಗಿಯೂ ಋಣದ ಪ್ರಶ್ನೆ ಉಳಿಯುತ್ತದೆ. ಈ ಆಟ ಇವತ್ತು ಎಷ್ಟು ದೊಡ್ಡ ವ್ಯಾಪಾರ ಎಂದು ಯಾರಿಗೂ ಹೇಳಬೇಕಿಲ್ಲ. 2004ರಲ್ಲಿ ಫಿಫಾ ತನ್ನ ನೂರನೇ ವರ್ಷದ ಗೌರವವನ್ನು ಎರಡೇ ಕ್ಲಬ್‌ಗಳಿಗೆ ಕೊಟ್ಟಿತು: ರಿಯಲ್ ಮ್ಯಾಡ್ರಿಡ್, ಶೆಫೀಲ್ಡ್. 2007ರಲ್ಲಿ ಕ್ಲಬ್ಬಿಗೆ 150 ತುಂಬಿದಾಗ ಇಂಟರ್ ಮಿಲಾನ್ ಬಂದು ಆಡಿತು, ಪೆಲೆ ಬಂದು ಕೂತರು. ನಾಲ್ಕು ವರ್ಷದ ಬಳಿಕ ಪುಸ್ತಕ ಹರಾಜಿಗೆ ಹೋಯಿತು. ದಾನ ಕೊಟ್ಟವರಿಗೆ ಅದರ ಲೆಕ್ಕ ಕೇಳುವ ಹಕ್ಕಿಲ್ಲ, ನಿಜ. ಆದರೆ ಪಡೆದವರು ಹಾರ ಹಾಕಿ ಚಪ್ಪಾಳೆ ತಟ್ಟಿದ ಮಾತ್ರಕ್ಕೆ ಋಣ ಹರಿಯುತ್ತದೆಯೇ? ಮಾರಿದವರನ್ನು ಕೇಳುವ ಪ್ರಶ್ನೆಗಿಂತ ಇದು ದೊಡ್ಡದು.

ಮಾರಿದವರ ಬಗ್ಗೆ ನನ್ನ ತೀರ್ಮಾನ ಇಷ್ಟು. ಮುಂದೆಯೂ ಯಾರೋ ಆಡಬೇಕೆಂಬ ಕಾರಣಕ್ಕೆ ಪಾಲಕರು ನೆನಪಿನ ವಸ್ತುವನ್ನು ಮಾರಬಹುದು. ಮಾರಿದ್ದರಿಂದ ಏನೂ ಕಳೆದುಹೋಗಲಿಲ್ಲ ಎಂದು ಮಾತ್ರ ಹೇಳಬಾರದು. ಹ್ಯಾಲಂ ಕ್ಲಬ್ 1867ರಲ್ಲಿ ಯೂಡನ್ ಕಪ್ ಗೆದ್ದಿತ್ತು. ಎಷ್ಟೋ ಕಾಲ ಕಾಣೆಯಾಗಿದ್ದ ಆ ಬೆಳ್ಳಿಯ ಬಟ್ಟಲನ್ನು ಅದು 1997ರಲ್ಲಿ ದುಡ್ಡು ಕೊಟ್ಟು ಮರಳಿ ತಂದಿತು. ಒಬ್ಬರು ಕೊಂಡು ತಂದರು, ಒಬ್ಬರು ಮಾರಿ ಕಳಿಸಿದರು. ಆದರೂ ನೆರೆಹೊರೆಯ ಈ ಇಬ್ಬರು ಇನ್ನೂ ಇದ್ದಾರೆ, ಇನ್ನೂ ಆಡುತ್ತಿದ್ದಾರೆ. ಎದುರಾದಾಗ ಶೆಫೀಲ್ಡ್‌ನವರ ಜೇಬಿನಲ್ಲಿ ಆ ಪುಸ್ತಕ ಇಲ್ಲದಿದ್ದರೂ ಆಟ ನಿಲ್ಲುವುದಿಲ್ಲ. ಎದುರಿಗೆ ಹ್ಯಾಲಂ ಇಲ್ಲದಿದ್ದರೆ ನಿಲ್ಲುತ್ತದೆ.